ಕೌದಿ ಕೆಂಪಾಗಬೇಕಿತ್ತು

ಮೈ ಸುಳ್ಳು ಹೇಳುವುದಿಲ್ಲ ಎಂಬ ಸಾಲನ್ನು ಬರೆದವಳು ನಾನೇ. ಹನ್ನೊಂದು ವರ್ಷದ ಹಿಂದೆ, ನಮ್ಮ ಕೇಂದ್ರಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆಂದು ಹದಿನಾರು ಪುಟದ ಒಂದು ಕೈಪಿಡಿ ಮಾಡಿದ್ದೆವು. ಅದರ ಮೂರನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಆ ಸಾಲು ಇತ್ತು. ಆದದ್ದನ್ನು ಬಾಯಿಬಿಟ್ಟು ಹೇಳಲಾರದವರಿಗೆ ಒಂದಿಷ್ಟು ಧೈರ್ಯ ಬರಲಿ ಎಂದು ಬರೆದದ್ದು. ಅದನ್ನೊಂದು ಸಮಿತಿ ಓದುತ್ತದೆ, ಸಮಿತಿ ಅದನ್ನು ಕಾಯ್ದೆ ಮಾಡಿಸುತ್ತದೆ, ಆ ಕಾಯ್ದೆ ಒಂದು ದಿನ ಬೆಟಗೇರಿಯ ಫಕೀರವ್ವನ ಎದೆಯ ಮೇಲೆ ಬಂದು ಕೂರುತ್ತದೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ಪುಟವನ್ನು ಹರಿದು ಒಲೆಗೆ ಹಾಕುತ್ತಿದ್ದೆ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ದೇಹಸ್ಮೃತಿ ದರ್ಶಕ. ಅಷ್ಟುದ್ದದ ಹೆಸರನ್ನು ನಮ್ಮಲ್ಲಿ ಯಾರೂ ಒಮ್ಮೆಯೂ ಉಚ್ಚರಿಸಿದ್ದಿಲ್ಲ. ನೋಡಲು ಹಳೇ ಸೀರೆ ಸೇರಿಸಿ ಹೊಲಿದ ಕೌದಿಯ ಹಾಗೇ ಇರುವುದರಿಂದ ಬಂದವರೆಲ್ಲ ಅದನ್ನು ಕೌದಿ ಎಂದೇ ಕರೆದರು. ಅದನ್ನು ರೂಪಿಸಿದ ಇಮ್ತಿಯಾಜ್ ನದಾಫನ ಅಜ್ಜ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ಮೊಮ್ಮಗ ಎಂಜಿನಿಯರಿಂಗ್ ಓದಿ ಬಂದು ಬಟ್ಟೆಯ ಪದರಗಳ ನಡುವೆ ಕೂದಲಿಗಿಂತ ತೆಳ್ಳಗಿನ ಬೆಳ್ಳಿಯ ಎಳೆ ಹಾಸಿದ. ಮಲಗಿದವಳ ಮೇಲೆ ಅದನ್ನು ಹೊದಿಸಿದರೆ ಚರ್ಮದ ಬಿಸಿ, ಬೆವರು, ಸ್ನಾಯುವಿನ ಕಣ್ಣಿಗೆ ಕಾಣದ ಅದುರು, ಉಸಿರಿನ ಉದ್ದ ಎಲ್ಲವನ್ನೂ ಅಳೆದು ಗೋಡೆಯ ಪರದೆಯ ಮೇಲೆ ಅವಳ ಮೈಯ ಚಿತ್ರ ಬಿಡಿಸುತ್ತದೆ. ಸಡಿಲವಾಗಿರುವ ಕಡೆ ಹಸಿರು, ಬಿಗಿದುಕೊಂಡ ಕಡೆ ಹಳದಿ, ಹೆದರಿಕೆ ಹಿಡಿದು ಕೂತ ಕಡೆ ಕೆಂಪು. ಅದರಾಚೆಗೆ ಅದಕ್ಕೇನೂ ತಿಳಿಯದು. ಯಾರು, ಎಲ್ಲಿ, ಯಾವಾಗ ಎಂಬುದು ಅದಕ್ಕೆ ಬೇಕಾಗಿಯೂ ಇಲ್ಲ. "ಅದಕ್ಕ ನಿನ್ನೆ ಗೊತ್ತಿಲ್ಲಕ್ಕಾ, ಈ ಗಳಿಗಿ ಅಷ್ಟ ಗೊತ್ತು" ಎಂದು ಇಮ್ತಿಯಾಜ್ ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಮಾತನ್ನು ಯಾವ ಸಮಿತಿಯೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿಲ್ಲ.

ನಮ್ಮ ಚಿಕಿತ್ಸೆಯಲ್ಲೂ ಮಾತು ಕಡಿಮೆ. ಏನಾಯಿತು ಹೇಳು ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕೇಳಿ ಕೇಳಿಯೇ ಪೊಲೀಸರು, ಡಾಕ್ಟರು, ಅತ್ತೆ, ನಾದಿನಿ ಎಲ್ಲರೂ ಅವರನ್ನು ಅರ್ಧ ಕೊಂದಿರುತ್ತಾರೆ. ನಾನು ಮಲಗಿದವಳ ಕಾಲ ಬಳಿ ಕೂತು ಎರಡೂ ಅಂಗಾಲುಗಳನ್ನು ನನ್ನ ಅಂಗೈಯಲ್ಲಿ ಹಿಡಿದು, ಬಾಯಿ ಮುಚ್ಚಿಕೊಂಡೇ 'ಹೂಂ' ಎಂದು ಉದ್ದಕ್ಕೆ ಉಸಿರು ಬಿಡುತ್ತೇನೆ. ಹೆದರಿದ ಮೈ ತನಗೆ ಕಾಲಿವೆ ಎಂಬುದನ್ನೇ ಮರೆತಿರುತ್ತದೆ. ಉಸಿರೆಲ್ಲ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಅಂಗಾಲಿಗೆ ಬಿಸಿ ತಾಗಿದರೆ ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಆಮೇಲೆ ಕೌದಿ, ಆಮೇಲೆ ಕೈಕಾಲು ಒದರುವುದು, ಗೋಡೆ ನೂಕುವುದು, ಪರಾತದಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು. ರೊಟ್ಟಿ ಬಡಿಯುವಾಗ ಹೆಗಲು ಸಡಿಲಾಗುವಷ್ಟು ಬೇರಾವುದರಲ್ಲೂ ಆಗುವುದಿಲ್ಲ. ಹೀಗೆ ಏಳುನೂರು ಹೆಂಗಸರು ನನ್ನ ಕೈಯಲ್ಲಿ ಹಾದುಹೋಗಿದ್ದಾರೆ.

ಫಕೀರವ್ವನಿಗೆ ಮೂವತ್ತು ವರ್ಷ. ಶಾಲಾ ನೋಟುಬುಕ್ಕು ಮಾಡುವ ಕಾರ್ಖಾನೆಯಲ್ಲಿ ಹಾಳೆ ಮಡಚುವ ಕೆಲಸ. ಅಲ್ಲಿನ ಸುಪರ್‌ವೈಸರ್ ಗುರುನಾಥ ಎಂಬವನು ಒಂದು ಮಧ್ಯಾಹ್ನ ಕಾಗದದ ಗೋದಾಮಿನಲ್ಲಿ ಅವಳ ಹಿಂದಿನಿಂದ ಬಂದಿದ್ದ. ಅವಳು ಹೇಳಿದ್ದು ಅಷ್ಟೇ, ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಮೈಮೇಲೆ ಗಾಯವಿರಲಿಲ್ಲ, ನೋಡಿದವರಿರಲಿಲ್ಲ. ಮೊದಲ ದಿನ ಕೌದಿ ಹೊದಿಸಿದಾಗ ಅವಳ ಬಲ ಹೆಗಲು, ಕತ್ತು, ಗಂಟಲು ಕುಂಕುಮ ಸುರಿದ ಹಾಗೆ ಕೆಂಪಾಗಿದ್ದವು. ಎರಡು ತಿಂಗಳಲ್ಲಿ ಹೆಗಲು ಹಳದಿಗೆ ತಿರುಗಿತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ತನ್ನಷ್ಟಕ್ಕೆ ಒಂದು ಬೀಸುಕಲ್ಲಿನ ಪದ ಗುನುಗಿಕೊಂಡಳು. ಅವತ್ತು ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಅದೇ ವಾರ ಸರ್ಕಾರಿ ವಕೀಲೆ ಮಾಲತಿ ಬೆಂಡಿಗೇರಿ ಫೋನು ಮಾಡಿದರು. ಫಕೀರವ್ವನ ಪ್ರಕರಣ ಮೈಸಾಕ್ಷಿ ಪೀಠಕ್ಕೆ ಬಂದಿದೆ ಎಂದರು. ಹೊಸ ಕಾಯ್ದೆಯ ಪ್ರಕಾರ ನೋಡಿದವರಿಲ್ಲದ ಪ್ರಕರಣಗಳಲ್ಲಿ ಹೆಂಗಸಿನ ಮೈಯೇ ಸಾಕ್ಷಿ. ಪೀಠದ ಎದುರಿಗೇ ಅವಳಿಗೆ ಕೌದಿ ಹೊದಿಸಿ, ಆರೋಪಿಯ ದನಿಯನ್ನು ಮೂರು ನಿಮಿಷ ಕೇಳಿಸಬೇಕು. ಕೌದಿ ಕೆಂಪಾದರೆ ಅವನಿಗೆ ಶಿಕ್ಷೆ. ಆಗದಿದ್ದರೆ ಅವನು ಮನೆಗೆ. ಚಿಕಿತ್ಸಾ ಕೇಂದ್ರಗಳು ತಮಗೆ ಬೇಕಾದಂತೆ ತಿದ್ದಿರಬಹುದು ಎಂಬ ಅನುಮಾನದಿಂದ ಹಿಂದಿನ ಚಿತ್ರಗಳನ್ನು ಪೀಠ ಒಪ್ಪುವುದಿಲ್ಲ. ಆದ್ದರಿಂದ ನೀವು ಅವಳ ಚಿಕಿತ್ಸೆಯನ್ನು ಇವತ್ತೇ ನಿಲ್ಲಿಸಬೇಕು ಎಂದರು ಮಾಲತಿ. ಅವಳು ಗುಣವಾದರೆ ಪ್ರಕರಣ ಮುಗಿಯಿತು.

ನಾನು ಇದನ್ನು ಫಕೀರವ್ವನಿಗೆ ಹೇಗೆ ಹೇಳಿದೆನೋ ನನಗೇ ನೆನಪಿಲ್ಲ. ಅವಳು ಕೈಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಹಂಗಾರ ನಿಲ್ಲಸ್ರಿ ಅಕ್ಕಾರ" ಎಂದಳು. "ನನ್ನ ಕಡೆ ಇರೂದು ಇದೊಂದ ಸಾಕ್ಷಿ. ಇದನ್ನೂ ಕಳಕೊಂಡ್ರ ನಾ ಹೇಳಿದ್ದು ಖರೇ ಅಂತ ಯಾರು ನಂಬತಾರ?"

ವಿಚಾರಣೆ ಮೂರು ವಾರಕ್ಕೆ ಇತ್ತು. ಮೂರು ವಾರ ತಾನೇ, ಹಲ್ಲು ಕಚ್ಚಿ ಕಳೆದರಾಯಿತು ಎಂದು ನಾನೂ ಅಂದುಕೊಂಡೆ. ಆ ಮೂರು ವಾರ ಹದಿನಾಲ್ಕು ತಿಂಗಳಾಯಿತು. ಒಮ್ಮೆ ಪೀಠದ ಅಧ್ಯಕ್ಷರಿಗೆ ವರ್ಗವಾಯಿತು. ಒಮ್ಮೆ ಆರೋಪಿಯ ವಕೀಲರಿಗೆ ಬೆನ್ನುನೋವು ಬಂತು. ಅವರ ಬೆನ್ನುನೋವಿಗೆ ಯಾರೂ ಕೌದಿ ಹೊದಿಸಿ ನೋಡಲಿಲ್ಲ. ಒಮ್ಮೆ ಪೀಠದ ಯಂತ್ರಕ್ಕೆ ವಾರ್ಷಿಕ ಮುದ್ರೆ ಬಿದ್ದಿರಲಿಲ್ಲ. ಪ್ರತಿ ಸಲ ಫಕೀರವ್ವ ಮೈಯನ್ನು ಬಿಗಿ ಮಾಡಿಕೊಂಡು ಹೋಗಿ, ಹಾಗೇ ಬಿಗಿಯಾಗಿ ವಾಪಸು ಬಂದಳು.

ಇಂಥವರು ಅವಳೊಬ್ಬಳೇ ಅಲ್ಲ. ಆ ವರ್ಷ ನಮ್ಮ ಕೇಂದ್ರದಲ್ಲಿಯೇ ಒಂಬತ್ತು ಹೆಂಗಸರು ಚಿಕಿತ್ಸೆ ಬಿಟ್ಟು ತಾರೀಖಿಗಾಗಿ ಕಾಯುತ್ತಿದ್ದರು. 'ಕೆಂಪು ಕಾಯೂದು' ಎಂದು ಅವರೇ ಅದಕ್ಕೊಂದು ಹೆಸರಿಟ್ಟಿದ್ದರು. ಹಸುಗೂಸನ್ನು ಕಾಯುತ್ತಾರಲ್ಲ, ಆ ದನಿಯಲ್ಲೇ ಹೇಳುತ್ತಿದ್ದರು. ನಕ್ಕರೆ ಕಡಿಮೆಯಾಗುತ್ತದೆಂದು ಮದುವೆಗೆ ಹೋಗುವುದನ್ನು ಒಬ್ಬಳು ಬಿಟ್ಟಳು. ಇನ್ನೊಬ್ಬಳು ತವರಿಗೆ ಹೋಗಲಿಲ್ಲ, ತಾಯಿ ತಲೆ ಸವರಿದರೆ ಎಲ್ಲ ಕರಗಿಹೋದೀತು ಎಂದು.

ನಾನು ಫಕೀರವ್ವನ ಮನೆಗೆ ಹೋಗಿದ್ದು ಎಂಟನೆಯ ತಿಂಗಳಲ್ಲಿ. ಚಿಕಿತ್ಸೆ ಕೊಡಕೂಡದು, ಭೇಟಿಗೆ ಅಡ್ಡಿಯಿಲ್ಲ ಎಂದು ಮಾಲತಿ ಹೇಳಿದ್ದರು. ಪ್ರಕರಣ ಮುಗಿಯುವ ತನಕ ಆರೋಪಿಯೂ ಬರಬೇಡ, ಅವಳೂ ಬರಬೇಡ ಎಂದು ಕಾರ್ಖಾನೆಯವರು ಇಬ್ಬರನ್ನೂ ಹೊರಗಿಟ್ಟಿದ್ದರು. ಒಂದೇ ಕೋಣೆಯ ಮನೆ. ಗಂಡ ಯಮನಪ್ಪ ವಿದ್ಯುತ್ ಮಗ್ಗದಲ್ಲಿ ನೇಯುವವನು, ಊಟಕ್ಕೆ ಬಂದಿದ್ದ. ತಟ್ಟೆಯಲ್ಲಿ ಖಾನಾವಳಿಯಿಂದ ತಂದ ರೊಟ್ಟಿ. ಮನೆಯಲ್ಲಿ ಬಡಿದರೆ ಹೆಗಲು ಸಡಿಲಾಗುತ್ತದೆಂದು ಫಕೀರವ್ವ ರೊಟ್ಟಿ ಮಾಡುವುದನ್ನೇ ಬಿಟ್ಟಿದ್ದಳು. ಕಾಗದದ ಬಂಡಲಿಗೆ ಸುತ್ತುವ ಕಂದು ಹಾಳೆಯ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೂಡಿನಲ್ಲಿ ಇಟ್ಟಿದ್ದಳು. ಗೋದಾಮಿನ ವಾಸನೆ ಅದರಲ್ಲಿತ್ತು. ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ ಅದನ್ನು ಮೂಸಿ ನೋಡುತ್ತಾಳೆ ಎಂದು ಯಮನಪ್ಪ ಹೇಳಿದ. ಒಂದಿನವೂ ತಪ್ಪಿಸುವುದಿಲ್ಲವಂತೆ.

ಅವರ ಮಗಳು ಕಸ್ತೂರಿಗೆ ನಾಲ್ಕು ವರ್ಷ. ತುಟಿಯ ಮೇಲೆ ಹೊಲಿಗೆಯ ಗುರುತಿತ್ತು. ತಿಂಗಳ ಹಿಂದೆ ಅದು ಆಟವಾಡುತ್ತ ಹಿಂದಿನಿಂದ ಬಂದು ತಾಯಿಯ ಬೆನ್ನೇರಿತ್ತು. ಫಕೀರವ್ವ ಕಿರುಚಿ ಕೊಡವಿದ ರಭಸಕ್ಕೆ ಕೂಸು ಹೊಸ್ತಿಲಿಗೆ ಹೋಗಿ ಬಡಿದಿತ್ತು. ನಾನು ಹೋದಾಗ ಅದು ತಾಯಿಗೆ ನೀರು ತಂದುಕೊಟ್ಟಿತು. ಎದುರಿಗೆ ಬಂದು ಎರಡು ಮಾರು ದೂರ ನಿಂತು, "ಯವ್ವಾ, ಬರ್ಲ್ಯಾ?" ಎಂದು ಕೇಳಿ, ಅವಳು ಹೂಂ ಎಂದ ಮೇಲೆ ಹತ್ತಿರ ಬಂತು. ನಾಲ್ಕು ವರ್ಷದ ಕೂಸು ತಾಯಿಯ ಹತ್ತಿರ ಹೋಗಲು ಅಪ್ಪಣೆ ಕೇಳುವುದನ್ನು ನಾನು ಮೊದಲ ಸಲ ನೋಡಿದ್ದು.

ಯಮನಪ್ಪ ನನ್ನನ್ನು ಬಾಗಿಲಾಚೆ ಕರೆದು, ಪೂರ್ತಿ ಬೇಡ, ಒಂದೀಟು ಕಡಿಮೆ ಮಾಡಲು ಬರುವುದಿಲ್ಲವೇ, ಮನೆ ನಡೆಯುವಷ್ಟು ಎಂದು ಕೇಳಿದ. ಒಳಗಿಂದ ಫಕೀರವ್ವನಿಗೆ ಅದು ಕೇಳಿಸಿತ್ತು. ಬೇಡ ಎಂದು ಅಲ್ಲಿಂದಲೇ ಹೇಳಿದಳು. ನಾನು ಅವಳ ಎದುರಿಗೆ ಕೂತು ಕೈಗಳೆರಡನ್ನೂ ನನ್ನ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅವಳ ಕಾಲು ನನ್ನಿಂದ ಒಂದು ಗೇಣು ದೂರದಲ್ಲಿದ್ದವು. ಇಪ್ಪತ್ತು ವರ್ಷದ ನನ್ನ ವಿದ್ಯೆ ಆ ಒಂದು ಗೇಣು ದಾಟಲಾರದೆ ಅಲ್ಲೇ ಕುಳಿತಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವನಿಗೆ ಎಂಬತ್ತೆರಡು. ಕೌದಿ, ಕಾಯ್ದೆ, ಪೀಠ ಯಾವುದೂ ಅವಳಿಗೆ ತಿಳಿಯದು. ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತವಳು, "ಅಂದ್ರ ನೀವು ಬ್ಯಾನಿ ಇಳಸಾಕ ಮಾಡಿದ್ದ ಯಂತ್ರ ಈಗ ಬ್ಯಾನಿ ಬೆಳಸಾಕತ್ತೈತಿ ಅನ್ನು" ಎಂದಳು. ಹಾಗಲ್ಲ ಎಂದು ವಿವರಿಸಲು ಹೊರಟೆ. ಅರ್ಧಕ್ಕೇ ಸಾಕಾಯಿತು. ಅದು ಹಾಗೇ ಇತ್ತು.

ಹನ್ನೊಂದನೆಯ ತಿಂಗಳಲ್ಲಿ ನಾನು ಮಾಡಬಾರದ ಒಂದು ಕೆಲಸಕ್ಕೆ ಕೈಹಾಕಿದೆ. ಇಮ್ತಿಯಾಜನ ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಮುಚ್ಚಿ, ಪರದೆಯ ಮೇಲಿನ ಬಣ್ಣವನ್ನು ಬೇಕಾದಂತೆ ಮಾಡಲು ಬರುತ್ತದೆಯೇ ಎಂದು ಕೇಳಿದೆ. ನಾನು ಅವಳಿಗೆ ಚಿಕಿತ್ಸೆ ಕೊಡುತ್ತೇನೆ, ಅವಳು ಮಗಳನ್ನು ಬೆನ್ನಮೇಲೆ ಕೂರಿಸಿಕೊಳ್ಳಲಿ, ಪೀಠದ ಎದುರು ಮಾತ್ರ ನೀನು ಕೆಂಪು ತೋರಿಸು ಎಂದೆ. ಇಮ್ತಿಯಾಜ್ ಮೇಜಿನ ಮೇಲೆ ಬಿಚ್ಚಿ ಹರಡಿದ್ದ ಕೌದಿಯ ಬೆಳ್ಳಿಯ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ.

"ಒಂದ ನಿಮಿಷದ ಕೆಲಸಕ್ಕಾ" ಎಂದ. "ಆದ್ರ ಒಮ್ಮೆ ನಾ ಬಣ್ಣ ಹಚ್ಚಿದ್ದು ಹೊರಗ ಬಿತ್ತಂದ್ರ, ಮುಂದ ಬರೂ ಹೆಣ್ಮಕ್ಕಳದು ಯಾರದೂ ಕೆಂಪು ಕೆಂಪಲ್ಲ. ಉಳದ ಎಂಟ ಮಂದಿಗೆ ನೀವ ಹೋಗಿ ಹೇಳ್ತೀರೇನು?"

ನಾನು ಹೇಳಲಾರೆ. ನನ್ನ ಮುಖ ನೋಡಿ ಅವನು ಚಹಾ ತರಿಸಿದ. ನಾಚಿಕೆ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು.

ಕೊನೆಗೂ ವಿಚಾರಣೆಯ ದಿನ ಬಂತು. ಸರ್ಕಾರದಲ್ಲಿ ಹೆಸರು ನೋಂದಾಯಿಸಿಕೊಂಡ ಚಿಕಿತ್ಸಕಿಯರೇ ಕೌದಿ ಹೊದಿಸಬೇಕೆಂಬುದು ನಿಯಮ. ನಮ್ಮ ಜಿಲ್ಲೆಯಲ್ಲಿ ಅಂಥವರು ಇಬ್ಬರೇ. ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಳು. ಚಿಕಿತ್ಸೆ ಕೊಟ್ಟವಳೇ ಹೊದಿಸುವುದಕ್ಕೆ ಆರೋಪಿಯ ವಕೀಲರು ತಕರಾರು ತೆಗೆಯುತ್ತಾರೆಂದು ಮಾಲತಿ ಹೆದರಿದ್ದರು. ಅವರು ತೆಗೆಯಲಿಲ್ಲ. ಮೇಡಂ ಹೊದಿಸಲಿ, ನಮ್ಮದೇನೂ ಅಭ್ಯಂತರವಿಲ್ಲ ಎಂದು ನಗುತ್ತ ಹೇಳಿದರು. ಅವರಿಗೆ ನನ್ನ ಕೆಲಸ ನನಗಿಂತ ಚೆನ್ನಾಗಿ ಗೊತ್ತಿತ್ತೋ ಏನೋ.

ಸಭಾಂಗಣದ ಒಂದು ಬದಿಗೆ ಬಟ್ಟೆಯ ಮರೆ ಕಟ್ಟಿ ಅದರ ಹಿಂದೆ ಮಂಚ ಹಾಕಿದ್ದರು. ಗುರುನಾಥ ಆಚೆ ಕೂತಿದ್ದ. ಅವನು ಧ್ವನಿವರ್ಧಕದಲ್ಲಿ ತನ್ನ ಹೆಸರು, ವಿಳಾಸ ಮತ್ತು ಪೀಠದವರು ಕೊಟ್ಟ ಒಂದು ಪುಟವನ್ನು ಓದಬೇಕಿತ್ತು. ಫಕೀರವ್ವ ಬಾಗಿಲಲ್ಲೇ ನಡುಗುತ್ತಿದ್ದಳು. ಮಲಗಿದ ಕೂಡಲೇ, ಪೀಠದ ಯಂತ್ರ ನಡೆಸಲು ಬಂದಿದ್ದ ಇಮ್ತಿಯಾಜ್ ತಪಾಸಣೆಗೆಂದು ಕೌದಿಯ ಮೂಲೆಯನ್ನು ಅವಳ ಹೆಗಲಿಗೆ ತಾಗಿಸಿದ. ಗೋಡೆಯ ಪರದೆಯ ಮೇಲೆ ಹೆಗಲು ಕೆಂಡವಾಯಿತು. ಮಾಲತಿ ನನ್ನ ಕಡೆ ನೋಡಿ ಮೊದಲ ಸಲ ಸಮಾಧಾನದ ಉಸಿರು ಬಿಟ್ಟರು. ತಪಾಸಣೆ ಲೆಕ್ಕಕ್ಕಿಲ್ಲ. ಕೌದಿಯನ್ನು ಮಡಚಿ, ಗಂಟೆ ಬಾರಿಸಿದ ಮೇಲೆ ಹೊಸದಾಗಿ ಹೊದಿಸಬೇಕು.

ಗಂಟೆ ಬಾರಿಸಿದರು. ನಾನು ಮಂಚದ ಬಳಿ ಹೋದೆ.

ಮುಂದಿನದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಕೌದಿ ಹೊದಿಸುವವಳು ಮಲಗಿದವಳ ತಲೆಯ ಕಡೆಯಿಂದಲೂ ಹೊದಿಸಬಹುದು, ಪಕ್ಕದಿಂದಲೂ ಹೊದಿಸಬಹುದು. ನಾನು ಕಾಲ ಬಳಿ ಹೋದೆ. ಹನ್ನೊಂದು ವರ್ಷ, ಏಳುನೂರು ಹೆಂಗಸರು, ಒಂದು ಸಲವೂ ಅಂಗಾಲು ಹಿಡಿಯದೆ ನಾನು ಕೌದಿ ಮುಟ್ಟಿದವಳಲ್ಲ. ನನ್ನ ಕೈ ನನ್ನನ್ನು ಕೇಳಲಿಲ್ಲ. ಎರಡೂ ಅಂಗಾಲು ಹಿಡಿದೆ. ತಣ್ಣಗಿದ್ದವು. ತಣ್ಣಗಿದ್ದದ್ದರಿಂದ ಇನ್ನೂ ಒಂದಿಷ್ಟು ಗಟ್ಟಿಯಾಗಿ ಹಿಡಿದೆ. ಬಾಯಿ ಮುಚ್ಚಿಕೊಂಡೇ 'ಹೂಂ' ಎಂದು ಉಸಿರು ಬಿಟ್ಟೆ. ಕೌದಿ ಎಳೆದು ಹೊದಿಸಿ ಮತ್ತೆ ಅಂಗಾಲಿಗೆ ಕೈಯಿಟ್ಟೆ. ಆಚೆಯಿಂದ ಗುರುನಾಥ ತನ್ನ ಹೆಸರು ಹೇಳಿದ.

ಇಮ್ತಿಯಾಜ್ 'ಅಕ್ಕಾ' ಎಂದದ್ದು ಕೇಳಿ ಪರದೆ ನೋಡಿದೆ. ಅವಳ ಪಾದದಿಂದ ಹಸಿರು ಮೇಲಕ್ಕೆ ಏರುತ್ತಿತ್ತು. ಮೊಣಕಾಲು, ಸೊಂಟ, ಹೊಟ್ಟೆ. ಬೆಂಕಿ ತಾಗಿದ ಹಾಗೆ ಕೈ ಕಿತ್ತುಕೊಂಡೆ. ಪ್ರಯೋಜನವಾಗಲಿಲ್ಲ. ಹದಿನಾಲ್ಕು ತಿಂಗಳಿಂದ ಅದಕ್ಕಾಗಿ ಬಾಯಾರಿದ್ದ ಮೈ ಒಮ್ಮೆ ಸಿಕ್ಕದ್ದನ್ನು ಬಿಡಲಿಲ್ಲ. ಅವನು ಓದುತ್ತಲೇ ಇದ್ದ, ಅವಳ ಹೆಗಲು ಹಳದಿಯಾಯಿತು. ಅವನು ಪುಟ ಮುಗಿಸುವ ಹೊತ್ತಿಗೆ ಹೆಗಲು, ಕತ್ತು, ಗಂಟಲು ಎಲ್ಲ ಹಸಿರು. ಫಕೀರವ್ವ ಕಣ್ಣು ಮುಚ್ಚಿದ್ದಳು. ಅವಳಿಗೆ ಪರದೆ ಕಾಣುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ, ಹೆದರು ತಾಯಿ, ಹೆದರು ಎಂದು ಬೇಡಿಕೊಂಡೆ. ಜನ್ಮದಲ್ಲಿ ಯಾವ ಹೆಣ್ಣಿಗೂ ನಾನು ಹಾಗೆ ಹಾರೈಸಿದವಳಲ್ಲ.

ಮಾಲತಿ ಬಹಳ ವಾದಿಸಿದರು. ನಾನೂ ಎದ್ದು ನಿಂತು, ತಪ್ಪು ನನ್ನದು, ಅವಳ ಪಾದ ಮುಟ್ಟಿದೆ, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೈಮುಗಿದೆ. ಒಂದು ಪ್ರಕರಣಕ್ಕೆ ಒಂದೇ ಪರೀಕ್ಷೆ ಎಂಬುದು ನಿಯಮ. ಪೀಠದ ಅಧ್ಯಕ್ಷರು ಕೆಟ್ಟವರಲ್ಲ. ನನ್ನ ಮಾತನ್ನು ತಾಳ್ಮೆಯಿಂದ ಕೇಳಿ ತೀರ್ಪಿನಲ್ಲೂ ಸೇರಿಸಿದರು. ಇನ್ನೊಬ್ಬರ ಕೈ ತಾಗಿದ ಮಾತ್ರಕ್ಕೆ ಇಳಿದುಹೋಗುವ ಭಯವನ್ನು ಈ ಮಟ್ಟದ ಅಪರಾಧದ ಗುರುತೆಂದು ಪರಿಗಣಿಸಲಾಗದು ಎಂದು ಬರೆದರು. ಗುರುನಾಥ ಬಾಗಿಲು ದಾಟುವಾಗ ನನಗೂ ಒಂದು ನಮಸ್ಕಾರ ಮಾಡಿ ಹೋದ.

ಆಮೇಲೆ ನಾಲ್ಕು ದಿನ ನಾನು ಕೇಂದ್ರಕ್ಕೆ ಹೋಗಲಿಲ್ಲ. ಐದನೆಯ ದಿನ ಶನಿವಾರ. ಹೋಗಿ ಬಾಗಿಲು ತೆರೆಯುವಾಗ ಫಕೀರವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಪಟ್ಟೆ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮಗ ಬೈಬೇಕಂತ ದಿನಾ ಹೊಂದಿಸ್ತೀನ್ರಿ ಅಕ್ಕಾರ, ಬಾಯಿಗೆ ಬರವಲ್ದು" ಎಂದಳು. "ಇಷ್ಟ ತಿಂಗಳದಾಗ ನನಗ ಆರಾಮ ಅನಿಸಿದ್ದು ಆ ಮೂರ ನಿಮಿಷ ಅಷ್ಟ. ಏನ ಸುಡುಗಾಡ ಆರಾಮೋ ಏನೋ."

ನಾನು ಅತ್ತೆ. ಅವಳು ಅಳಲಿಲ್ಲ. ನನ್ನ ಅಳು ಮುಗಿಯಲಿ ಎಂದು ಕಾದಳು. ಹೊಸದಾಗಿ ಶುರು ಮಾಡೋಣ, ಹೆಗಲು ಸರಿಹೋಗುತ್ತದೆ, ಕಸ್ತೂರಿ ಮತ್ತೆ ಬೆನ್ನೇರುತ್ತಾಳೆ ಎಂದೆಲ್ಲ ನಾನು ಬಡಬಡಿಸಿದೆ. ಅವಳು ತಲೆಯಾಡಿಸಿ, ಅಷ್ಟೆಲ್ಲ ಹೊತ್ತಿಲ್ಲ ಎಂದಳು. ಕಾರ್ಖಾನೆಯಿಂದ ಇಬ್ಬರಿಗೂ ಕಾಗದ ಬಂದಿತ್ತು. ಗುರುನಾಥ ಸೋಮವಾರದಿಂದ ಅದೇ ವಿಭಾಗಕ್ಕೆ ಸುಪರ್‌ವೈಸರ್. ಅವಳು ಅದೇ ಮಡಚುವ ಮೇಜಿಗೆ. ಸೋಮವಾರ ಹೋಗದಿದ್ದರೆ ಕೆಲಸ ಬಿಟ್ಟಂತೆ. ಬೇರೆ ಕಾರ್ಖಾನೆಗಳಲ್ಲಿ ಯಮನಪ್ಪ ಕೇಳಿ ನೋಡಿದ್ದ. ಪೀಠದಲ್ಲಿ ಸೋತವಳು, ಸುಳ್ಳು ಕೇಸು ಹಾಕಿದವಳು ಎಂದು ಯಾರೂ ಸೇರಿಸಿಕೊಳ್ಳಲಿಲ್ಲ.

"ಅವ ಮೇಜಿನ ಹಿಂದ ಹಿಂದ ಅಡ್ಡಾಡಿ ಎಣಸಿ ನೋಡ್ತಾನ್ರಿ, ಎಷ್ಟ ಮಡಚೀವಂತ" ಎಂದಳು. "ಅವ ನನ್ನ ಬೆನ್ನ ಹಿಂದ ಬಂದು ನಿಂತಾಗ ಉಸುರು ಹೆಂಗ ತಗೋಬೇಕು, ಅದಿಷ್ಟ ಹೇಳಿಕೊಡ್ರಿ. ಕೈ ನಿಂತ್ರ ಸಾಲು ನಿಲ್ತೈತಿ."

ನನಗೆ ಗೊತ್ತಿರಲಿಲ್ಲ. ನಾನು ಕಲಿತದ್ದೆಲ್ಲ ಆಪತ್ತು ಕಳೆದುಹೋದ ಮೈಗೆ, ಕಳೆಯಿತು ಎಂದು ನಂಬಿಸುವ ವಿದ್ಯೆ. ಆಪತ್ತು ದಿನಾ ಬೆಳಿಗ್ಗೆ ಹಾಜರಿ ಹಾಕಿ ಬಂದು ಬೆನ್ನ ಹಿಂದೆ ನಿಲ್ಲುವುದಾದರೆ ಏನು ಕಲಿಸಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಹಾಗಂತ ಅವಳಿಗೆ ಹೇಳಲೂ ಆಗಲಿಲ್ಲ. ನೋಡೋಣ ಎಂದೆ. ಮೇಜನ್ನು ಗೋಡೆಗೆ ಎಳೆದು, ಹಳೆಯ ಕಾಗದದ ಒಂದು ಕಟ್ಟು ತಂದು ಅವಳ ಮುಂದಿಟ್ಟೆ. ಅವಳು ನನಗೆ ಬೆನ್ನು ಮಾಡಿ ಕೂತು ಮಡಚಲು ಶುರು ಮಾಡಿದಳು. ನಾನು ಬಾಗಿಲವರೆಗೆ ಹೋಗಿ, ಹಿಂದಿನಿಂದ ಮೆಲ್ಲಗೆ ನಡೆದು ಬಂದೆ. ಅವಳ ಕೈ ನಿಲ್ಲಲಿಲ್ಲ. ಅವಳು ತಿರುಗದೆಯೇ ತಲೆಯಾಡಿಸಿದಳು.

"ಹಂಗಲ್ರಿ. ಇದು ನಿಮ್ಮ ನಡಗಿ ಅಂತ ಮೈಗೆ ಗೊತ್ತಾಗಾಕತ್ತೈತಿ. ಅವ ಚಪ್ಪಲಿ ಎಳಕೊಂತ ಬರ್ತಾನ."

ನಾನು ಬಾಗಿಲಿಗೆ ವಾಪಸು ಹೋದೆ. ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ನೆಲಕ್ಕೆ ಎಳೆಯುತ್ತ ಎಳೆಯುತ್ತ ಬಂದು ಅವಳ ಹಿಂದೆ ನಿಂತೆ. ಅವಳ ಬಲ ಹೆಗಲು ಕಿವಿಯವರೆಗೆ ಏರಿತು. ಕೈಯಲ್ಲಿದ್ದ ಹಾಳೆ ಅರ್ಧ ಮಡಿಕೆಯಲ್ಲಿ ನಿಂತಿತು.

"ಹಾಂ, ಹಿಂಗ" ಎಂದಳು ಫಕೀರವ್ವ. "ಇನ್ನೊಮ್ಮೆ ಬರ್ರಿ."